ಸ್ವರ ಮರಳಿಸಲು ಗಂಟಲಲ್ಲಿ ಇಟ್ಟ ಇಂಪ್ಲಾಂಟ್: ಯಾವಾಗ ತೆಗೆಯಬೇಕು, ಯಾವಾಗ ಬೇಡ?

"ಗಂಟಲಲ್ಲಿ ಸಿಲಿಕೋನ್ ಇಟ್ಟರೆ ಇಂತಿಷ್ಟು ವರ್ಷದೊಳಗೆ ತೆಗೆಸಲೇಬೇಕಂತೆ." "ಅದರಿಂದ ಕ್ಯಾನ್ಸರ್ ಬರುತ್ತದಂತೆ." "ಒಮ್ಮೆ ಇಟ್ಟರೆ ಮುಗಿಯಿತು, ಮತ್ತೆ ತೆಗೆಯಲಿಕ್ಕೆ ಆಗುವುದೇ ಇಲ್ಲವಂತೆ."

ಮೊದಲ ಎರಡು ಮಾತು ಕೇಳಿದವರು, ಏನೂ ತೊಂದರೆ ಇಲ್ಲದಿದ್ದರೂ ಇಂಪ್ಲಾಂಟ್ ತೆಗೆಸಲು ಓಡುವ ಅಪಾಯವಿದೆ. ಮೂರನೆಯದನ್ನು ನಂಬಿದವರು, ನಿಜವಾಗಿಯೂ ತೊಂದರೆ ಇದ್ದರೂ ಸುಮ್ಮನೆ ಸಹಿಸಿಕೊಂಡು ಕೂರುತ್ತಾರೆ. ಉಸಿರಾಡುವ ದಾರಿಯ ಪಕ್ಕದಲ್ಲೇ ಇರುವ ವಸ್ತುವಿನ ವಿಷಯದಲ್ಲಿ ಈ ಎರಡೂ ಸರಿಯಲ್ಲ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯವನ್ನು ನಾವು ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ಚುಟುಕಾಗಿ ಹೇಳುವುದಾದರೆ: ಸ್ವರತಂತು ಲಕ್ವಕ್ಕೆ ಇಡುವ ಇಂಪ್ಲಾಂಟ್‌ಗೆ ಔಷಧದ ಬಾಟಲಿಯಂತೆ ಎಕ್ಸ್‌ಪೈರಿ ದಿನಾಂಕ ಇಲ್ಲ. ತೊಂದರೆ ಕೊಡದಿದ್ದರೆ ಅದನ್ನು ಮುಟ್ಟಬೇಕಾಗಿಲ್ಲ. ತೊಂದರೆ ಕೊಟ್ಟರೆ ತೆಗೆಯಬಹುದು, ಸರಿಪಡಿಸಬಹುದು, ಬದಲಿಸಲೂಬಹುದು. ತೊಂದರೆ ಇದೆಯೋ ಇಲ್ಲವೋ ಎಂದು ತಿಳಿಯುವುದು ಕ್ಯಾಮೆರಾ ಹಾಕಿ ಗಂಟಲು ನೋಡಿದ ಮೇಲೆ ಮಾತ್ರ.

ಸ್ವರತಂತು ಲಕ್ವ ಎಂದರೇನು?

ಕುತ್ತಿಗೆಯ ಮುಂದೆ ಕೈಗೆ ಸಿಗುವ ಉಬ್ಬಿನ ಹಿಂದೆ ಧ್ವನಿಪೆಟ್ಟಿಗೆ ಇದೆ. ಅದರೊಳಗೆ ಬಾಗಿಲಿನ ಎರಡು ಹಲಗೆಗಳಂತೆ ಎರಡು ಸ್ವರತಂತುಗಳಿವೆ. ಉಸಿರಾಡುವಾಗ ಅವು ತೆರೆದುಕೊಳ್ಳುತ್ತವೆ. ಮಾತಾಡುವಾಗ, ನುಂಗುವಾಗ, ಕೆಮ್ಮುವಾಗ ಮುಚ್ಚಿಕೊಳ್ಳುತ್ತವೆ. ಇವನ್ನು ಆಡಿಸುವ ನರಕ್ಕೆ ಪೆಟ್ಟಾದರೆ ಆ ಬದಿಯ ತಂತು ಅಲುಗಾಡದೆ ನಿಂತುಬಿಡುತ್ತದೆ. ಇದನ್ನೇ ಸ್ವರತಂತು ಲಕ್ವ ಎನ್ನುವುದು. ಕೈಕಾಲು ಬೀಳುವ ಲಕ್ವಕ್ಕಿಂತ ಇದು ಬೇರೆ.

ಒಂದು ಹಲಗೆ ಮುಚ್ಚದಿದ್ದರೆ ಗಾಳಿ ಸೋರುತ್ತದೆ. ಸ್ವರ ಪಿಸುಮಾತಿನಂತಾಗುತ್ತದೆ, ನಾಲ್ಕು ಮಾತಾಡುವಷ್ಟರಲ್ಲಿ ಆಯಾಸವಾಗುತ್ತದೆ. ನೀರು, ಕಾಫಿ, ಗಂಜಿತಿಳಿಯಂಥ ತೆಳ್ಳಗಿನ ಪದಾರ್ಥ ಕುಡಿಯುವಾಗ ನೆತ್ತಿಗೆ ಹತ್ತುತ್ತದೆ. ಕೆಮ್ಮಿಗೂ ಬಲವಿರುವುದಿಲ್ಲ. ಹಾಗಾಗಿ ಇದನ್ನು ಬರೀ ಸ್ವರದ ಸಮಸ್ಯೆ ಎಂದು ತಳ್ಳಿಹಾಕುವಂತಿಲ್ಲ. ಕುಡಿದದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಈ ನರದ ದಾರಿ ಸ್ವಲ್ಪ ವಿಚಿತ್ರ. ಎಡಬದಿಯ ನರ ನೇರವಾಗಿ ಗಂಟಲಿಗೆ ಬರುವುದಿಲ್ಲ. ಎದೆಯೊಳಗೆ ಇಳಿದು, ಹೃದಯದಿಂದ ಹೊರಡುವ ಮಹಾಧಮನಿಯ ಕೆಳಗೆ ಸುತ್ತಿ, ಮತ್ತೆ ಮೇಲೆ ಹತ್ತಿ ಧ್ವನಿಪೆಟ್ಟಿಗೆ ಸೇರುತ್ತದೆ. ಆದ್ದರಿಂದಲೇ ಥೈರಾಯ್ಡ್ ಆಪರೇಷನ್ ಮಾತ್ರವಲ್ಲ, ಹೃದಯದ ಆಪರೇಷನ್, ಶ್ವಾಸಕೋಶದ ಗಡ್ಡೆ, ಅನ್ನನಾಳದ ಕ್ಯಾನ್ಸರ್, ಕ್ಷಯರೋಗದಿಂದ ಊದಿದ ಗ್ರಂಥಿ ಇವೆಲ್ಲವೂ ಸ್ವರ ಕೆಡಿಸಬಲ್ಲವು. ಕೆಲವರಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಕಾರಣ ಗೊತ್ತಿಲ್ಲದಿದ್ದರೆ ಡಾಕ್ಟರು ತಲೆಬುರುಡೆಯ ಬುಡದಿಂದ ಎದೆಯವರೆಗೆ ಸಿಟಿ ಸ್ಕ್ಯಾನ್ ಬರೆದುಕೊಡುವುದು ಈ ಕಾರಣಕ್ಕೆ. ಅದನ್ನು "ಸುಮ್ಮನೆ ದುಡ್ಡು ಮಾಡಲಿಕ್ಕೆ" ಎಂದು ಬಿಟ್ಟುಬಿಡಬೇಡಿ.

ಗಂಟಲಿಗೆ ಏನು ಇಡುತ್ತಾರೆ?

ನಿಂತುಹೋದ ತಂತನ್ನು ಮತ್ತೆ ಆಡಿಸಲು ಇಂಪ್ಲಾಂಟ್‌ನಿಂದ ಆಗುವುದಿಲ್ಲ. ಅದು ಮಾಡುವುದು ಇಷ್ಟೇ: ಆ ತಂತನ್ನು ಪಕ್ಕದಿಂದ ನಡುವಿಗೆ ತಳ್ಳಿ ನಿಲ್ಲಿಸುತ್ತದೆ. ಆಗ ಸರಿ ಇರುವ ಇನ್ನೊಂದು ತಂತು ಬಂದು ಅದಕ್ಕೆ ತಾಗುತ್ತದೆ, ಸ್ವರ ಹುಟ್ಟುತ್ತದೆ.

ಇದಕ್ಕೆ ಎರಡು ದಾರಿ. ಮೊದಲನೆಯದು ಇಂಜೆಕ್ಷನ್. ತಂತಿನೊಳಗೆ ಜೆಲ್ ತರಹದ ಪದಾರ್ಥ ಅಥವಾ ರೋಗಿಯದೇ ಹೊಟ್ಟೆಯ ಕೊಬ್ಬು ತುಂಬಿಸುತ್ತಾರೆ. ಜೆಲ್‌ಗಳು ಕೆಲವು ತಿಂಗಳಲ್ಲಿ ಕರಗುತ್ತವೆ. ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್‌ನಂಥವು ಸುಮಾರು ಒಂದು ವರ್ಷ ಅಥವಾ ಇನ್ನೂ ಸ್ವಲ್ಪ ಹೆಚ್ಚು ಉಳಿಯುತ್ತವೆ.

ಎರಡನೆಯದು ಥೈರೋಪ್ಲಾಸ್ಟಿ ಎಂಬ ಆಪರೇಷನ್. ಕುತ್ತಿಗೆಯಲ್ಲಿ ಸಣ್ಣ ಗಾಯ ಮಾಡಿ, ಧ್ವನಿಪೆಟ್ಟಿಗೆಯ ಮೃದ್ವಸ್ಥಿಯಲ್ಲಿ ಕಿಟಕಿಯಂತೆ ತೂತು ತೆಗೆದು, ಕೆತ್ತಿದ ಸಿಲಿಕೋನ್ ತುಂಡು, ಗೋರ್-ಟೆಕ್ಸ್ ಪಟ್ಟಿ ಅಥವಾ ಟೈಟಾನಿಯಂ ತಗಡು ಇಡುತ್ತಾರೆ. ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ಮರಗಟ್ಟುವ ಮದ್ದು ಕೊಡುತ್ತಾರೆ. ಯಾಕೆಂದರೆ ಆಪರೇಷನ್ ಟೇಬಲ್ ಮೇಲೆಯೇ ರೋಗಿಯಿಂದ "ಈ" ಎನ್ನಿಸಿ, ಒಂದರಿಂದ ಹತ್ತು ಎಣಿಸಿ, ಸ್ವರ ಸರಿಯಾಯಿತೇ ಎಂದು ಕೇಳಿಕೊಂಡು ತುಂಡನ್ನು ಹೊಂದಿಸಬೇಕು.

ಶಾಶ್ವತ ಇಂಪ್ಲಾಂಟ್‌ಗೆ ಡಾಕ್ಟರು ಅವಸರ ಮಾಡುವುದಿಲ್ಲ. ನರ ತುಂಡಾಗಿಲ್ಲದಿದ್ದರೆ ತಾನಾಗಿಯೇ ಚೇತರಿಸಿಕೊಳ್ಳುವ ಸಾಧ್ಯತೆ ಇರುತ್ತದೆ. ಅದಕ್ಕೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳು ಕಾಯುತ್ತಾರೆ. ಆ ಅವಧಿಯಲ್ಲಿ ಕರಗುವ ಇಂಜೆಕ್ಷನ್ ಮತ್ತು ಸ್ವರದ ತರಬೇತಿ ನೆರವಿಗೆ ಬರುತ್ತವೆ.

ಇಲ್ಲಿ ಇನ್ನೊಂದು ಮಾತು. ಎರಡೂ ತಂತು ನಿಂತುಹೋದರೆ ಸಮಸ್ಯೆ ಸ್ವರದ್ದಲ್ಲ, ಉಸಿರಿನದ್ದು. ಅದರ ಚಿಕಿತ್ಸೆಯೇ ಬೇರೆ. ಒಬ್ಬರ ಅನುಭವವನ್ನು ಇನ್ನೊಬ್ಬರಿಗೆ ಹೇಳುವ ಮೊದಲು ಲಕ್ವ ಒಂದು ಬದಿಯದ್ದೋ ಎರಡೂ ಬದಿಯದ್ದೋ ಎಂದು ನೋಡಿ.

'ತೆಗೆಯಲಿಕ್ಕೆ ಆಗುವುದಿಲ್ಲ' ಎಂಬ ಮಾತು ಎಲ್ಲಿಂದ ಬಂತು?

ಈ ಮಾತಿನ ಹಿಂದೆ ಒಂದು ಕಾಲದ ಸತ್ಯ ಇದೆ. 1911ರಲ್ಲಿ ಜರ್ಮನಿಯ ಬ್ರೂನಿಂಗ್ಸ್ ಎಂಬ ವೈದ್ಯರು ಸ್ವರತಂತಿಗೆ ಪ್ಯಾರಾಫಿನ್ ಮೇಣ ಚುಚ್ಚಿದರು. ಮೇಣ ಜಾಗ ಬಿಟ್ಟು ಜರುಗುವುದು, ಊತ ಬರುವುದು ಆಗಿ ಆ ದಾರಿ ಬಿಟ್ಟುಹೋಯಿತು. 1960ರ ದಶಕದಲ್ಲಿ ಟೆಫ್ಲಾನ್ ಪೇಸ್ಟ್ ಬಂತು. ಸ್ವರ ಕೂಡಲೇ ಸರಿಯಾಗುತ್ತಿತ್ತು, ಹಾಗಾಗಿ ದಶಕಗಟ್ಟಲೆ ಬಳಕೆಯಲ್ಲಿತ್ತು. ಆದರೆ ಕೆಲವರಲ್ಲಿ ವರ್ಷಗಳ ನಂತರ ಟೆಫ್ಲಾನ್ ಸುತ್ತ ಗಂಟು ಬೆಳೆಯಿತು. ಪೇಸ್ಟ್ ತಂತಿನ ಮಾಂಸದೊಳಗೇ ಬೆರೆತುಹೋಗಿರುತ್ತಿದ್ದುದರಿಂದ ಅದನ್ನು ಪೂರ್ತಿ ತೆಗೆಯುವುದು ಕಷ್ಟ, ತೆಗೆದರೆ ತಂತಿಗೂ ಹಾನಿ.

1974ರಲ್ಲಿ ಜಪಾನಿನ ನೊಬುಹಿಕೊ ಇಶ್ಶಿಕಿ ಥೈರೋಪ್ಲಾಸ್ಟಿ ವಿಧಾನಗಳನ್ನು ಪ್ರಕಟಿಸಿದರು. ಇದರಲ್ಲಿ ತುಂಡು ತಂತಿನೊಳಗೆ ಬೆರೆಯುವುದಿಲ್ಲ. ಮೃದ್ವಸ್ಥಿಗೂ ಒಳಗಿನ ಮಾಂಸಕ್ಕೂ ನಡುವೆ ಕೂರುತ್ತದೆ. ಹಾಗಾಗಿ ಬೇಕಾದರೆ ಅದೇ ಕಿಟಕಿಯಿಂದ ಹೊರತೆಗೆಯಬಹುದು. ಈಗ ಟೆಫ್ಲಾನ್ ಇಂಜೆಕ್ಷನ್ ಹೆಚ್ಚುಕಡಿಮೆ ಬಳಕೆ ತಪ್ಪಿದೆ. ಟೆಫ್ಲಾನ್ ಕಾಲದ ಅನುಭವವನ್ನು ಇಂದಿನ ಇಂಪ್ಲಾಂಟ್‌ಗೆ ಅನ್ವಯಿಸುವುದು ತಪ್ಪು.

ಇಷ್ಟು ವರ್ಷಕ್ಕೆ ಬದಲಿಸಬೇಕೇ? ಕ್ಯಾನ್ಸರ್ ಬರುತ್ತದೆಯೇ?

'ಇಂಪ್ಲಾಂಟ್' ಎಂಬ ಒಂದೇ ಪದದೊಳಗೆ ಹಲ್ಲು, ಸೊಂಟದ ಕೀಲು, ಸ್ತನ, ಹೃದಯದ ಪೇಸ್‌ಮೇಕರ್ ಎಲ್ಲವೂ ಬರುತ್ತವೆ. ಗೊಂದಲ ಶುರುವಾಗುವುದು ಇಲ್ಲೇ. ಪೇಸ್‌ಮೇಕರ್‌ಗೆ ಬ್ಯಾಟರಿ ಇದೆ, ಅದು ಮುಗಿಯುತ್ತದೆ. ಗಂಟಲಿನ ತುಂಡಿಗೆ ಬ್ಯಾಟರಿ ಇಲ್ಲ, ಸವೆಯುವ ಕೀಲೂ ಇಲ್ಲ. ಇಂತಿಷ್ಟು ವರ್ಷಕ್ಕೆ ಬದಲಿಸಲೇಬೇಕೆಂಬ ನಿಯಮ ಅದಕ್ಕಿಲ್ಲ.

ಜನರ ಭಯ ಪೂರ್ತಿ ಆಧಾರವಿಲ್ಲದ್ದೂ ಅಲ್ಲ. 2010ರಲ್ಲಿ ಫ್ರಾನ್ಸಿನ ಪಿಐಪಿ ಕಂಪನಿಯ ಸ್ತನ ಇಂಪ್ಲಾಂಟ್‌ಗಳಲ್ಲಿ ವೈದ್ಯಕೀಯ ದರ್ಜೆಯದ್ದಲ್ಲದ ಸಿಲಿಕೋನ್ ಜೆಲ್ ತುಂಬಿದ್ದು ಬಯಲಾಗಿ ಅವನ್ನು ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಅದೇ ವರ್ಷ ಡಿಪ್ಯು ಎಎಸ್ಆರ್ ಎಂಬ ಸೊಂಟದ ಕೀಲನ್ನೂ ಜಗತ್ತಿನಾದ್ಯಂತ ಹಿಂತೆಗೆದುಕೊಂಡರು, ಭಾರತದ ರೋಗಿಗಳೂ ಅದರಿಂದ ತೊಂದರೆಗೊಳಗಾದರು. ಈ ಸುದ್ದಿಗಳು ನಿಜ. ಆದರೆ ಸ್ತನದ ಇಂಪ್ಲಾಂಟ್ ಎಂದರೆ ಜೆಲ್ ತುಂಬಿದ ಚೀಲ, ಗಂಟಲಿನದ್ದು ಚಿಕ್ಕ ಗಟ್ಟಿ ತುಂಡು. ಗಂಟಲಿನ ಸಿಲಿಕೋನ್ ತುಂಡಿನಿಂದ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಪುರಾವೆ ಇಲ್ಲ.

ನಮ್ಮ ಊರಿನ ಮಟ್ಟಿಗೆ ಕ್ಯಾನ್ಸರ್ ಮಾತು ಬಂದಾಗ ನೋಡಬೇಕಾದದ್ದು ಬೇರೆ ಕಡೆ. ಬೀಡಿ-ಸಿಗರೇಟು ಮತ್ತು ಮದ್ಯ ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗೆ ಗೊತ್ತಿರುವ ಕಾರಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಜಗಿಯುವ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ನಂಬಿ ಬದುಕುವ ನಮ್ಮ ತಾಲೂಕುಗಳಲ್ಲಿ ಇದು ಕೇಳಲು ಹಿತವಾದ ಮಾತಲ್ಲ. ಆದರೂ ಇಂಪ್ಲಾಂಟ್ ಇರುವವರಿಗೆ ಹೊಸದಾಗಿ ಸ್ವರ ಕೆಟ್ಟರೆ, ತಪ್ಪನ್ನು ಇಂಪ್ಲಾಂಟ್ ಮೇಲೆ ಹಾಕಿ ಸುಮ್ಮನಾಗದೆ ಬೇರೆ ಕಾರಣ ಇದೆಯೇ ಎಂದೂ ಪರೀಕ್ಷೆ ಮಾಡಿಸಬೇಕು.

ಹಾಗಾದರೆ ಯಾವಾಗ ತೆಗೆಯುತ್ತಾರೆ, ಯಾವಾಗ ಸರಿಪಡಿಸುತ್ತಾರೆ?

ಹೆಚ್ಚಿನವರಿಗೆ ಎರಡನೇ ಆಪರೇಷನ್ ಬೇಕಾಗುವುದಿಲ್ಲ. ಬೇಕಾಗುವವರಲ್ಲಿ ಕಾರಣಗಳು ಇವು.

ಒಂದು, ತಳ್ಳಿದ್ದು ಕಡಿಮೆಯಾಗಿರುವುದು. ಆಪರೇಷನ್ ಹೊತ್ತಿನಲ್ಲಿ ಒಳಗೆ ಊತ ಬರುತ್ತದೆ. ಆ ಊತದಿಂದಲೇ ಸ್ವರ ಚೆನ್ನಾಗಿ ಕೇಳಿಸಿ, ಕೆಲವು ವಾರಗಳಲ್ಲಿ ಊತ ಇಳಿದ ಮೇಲೆ ಮತ್ತೆ ಗಾಳಿ ಸೋರಬಹುದು. ಇದಕ್ಕೆ ಇಂಪ್ಲಾಂಟ್ ತೆಗೆಯಲೇಬೇಕೆಂದಿಲ್ಲ. ಕೆಲವೊಮ್ಮೆ ಮೇಲಿಂದ ಒಂದು ಇಂಜೆಕ್ಷನ್ ಸಾಕು, ಕೆಲವೊಮ್ಮೆ ದೊಡ್ಡ ತುಂಡು ಬೇಕು.

ಎರಡು, ತಳ್ಳಿದ್ದು ಹೆಚ್ಚಾಗಿರುವುದು ಅಥವಾ ತುಂಡು ತಪ್ಪು ಜಾಗದಲ್ಲಿ ಕೂತಿರುವುದು. ಆಗ ಸ್ವರ ಬಿಗಿದು, ಹಿಂಡಿದಂತೆ ಬರುತ್ತದೆ. ಹೆಚ್ಚಾದರೆ ಉಸಿರಿಗೂ ತೊಂದರೆ. ಚಿಕ್ಕ ತುಂಡು ಇಡುವುದೋ, ಜಾಗ ಸರಿಪಡಿಸುವುದೋ ಮಾಡಬೇಕಾಗುತ್ತದೆ.

ಮೂರು, ಹಿಂಬದಿಯ ಸಂದು ಮುಚ್ಚದಿರುವುದು. ಇಂಪ್ಲಾಂಟ್ ತಂತಿನ ಮುಂದಿನ ಮತ್ತು ನಡುವಿನ ಭಾಗವನ್ನು ಚೆನ್ನಾಗಿ ತಳ್ಳುತ್ತದೆ, ಹಿಂದಿನ ಭಾಗ ಬಾಕಿ ಉಳಿಯಬಹುದು. ಆಗ ತಂತಿನ ಹಿಂದಿನ ಚಿಕ್ಕ ಮೃದ್ವಸ್ಥಿಯನ್ನು ಹೊಲಿಗೆ ಹಾಕಿ ತಿರುಗಿಸುವ ಇನ್ನೊಂದು ಆಪರೇಷನ್ ಸೇರಿಸುತ್ತಾರೆ.

ನಾಲ್ಕು, ತುಂಡು ಜರುಗುವುದು ಅಥವಾ ಉಸಿರಿನ ದಾರಿಯ ಕಡೆಗೆ ಹೊರಬರುವುದು. ಇದು ಅಪರೂಪ, ಆದರೆ ಗಂಭೀರ. ಇಂಥಲ್ಲಿ ಇಂಪ್ಲಾಂಟ್ ತೆಗೆಯಲೇಬೇಕು.

ಐದು, ಸೋಂಕು. ಆ್ಯಂಟಿಬಯಾಟಿಕ್‌ಗೆ ಬಗ್ಗದಿದ್ದರೆ ಇಂಪ್ಲಾಂಟ್ ತೆಗೆದು, ಗಾಯ ಪೂರ್ತಿ ಮಾಗಿದ ಮೇಲೆ ಬೇಕಿದ್ದರೆ ಮತ್ತೆ ಇಡುತ್ತಾರೆ.

ಆರು, ವರ್ಷಗಳು ಕಳೆದಂತೆ ತಂತಿನ ಮಾಂಸ ತೆಳ್ಳಗಾಗುವುದು. ಇಲ್ಲಿ ಇಂಪ್ಲಾಂಟ್ ಕೆಟ್ಟಿರುವುದಿಲ್ಲ, ಅದರ ಮುಂದಿರುವ ತಂತು ಸೊರಗಿರುತ್ತದೆ.

ನರ ಚೇತರಿಸಿಕೊಂಡರೆ ಇಂಪ್ಲಾಂಟ್ ತೆಗೆಸಬೇಕೇ ಎಂದು ಕೇಳುವವರಿದ್ದಾರೆ. ಅಡ್ಡಿಯಾಗದಿದ್ದರೆ ಸಾಮಾನ್ಯವಾಗಿ ಬೇಕಾಗಿಲ್ಲ.

ಯಾವುದಕ್ಕೆ ಕಾಯಬಾರದು?

ಸ್ವರ ಸ್ವಲ್ಪ ಕೆಟ್ಟಿದ್ದರೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಹೋದರೆ ಸಾಕು. ಆದರೆ ಉಸಿರು ಎಳೆದುಕೊಳ್ಳುವಾಗ ಸಿಳ್ಳೆಯಂಥ ಅಥವಾ ಗೊರಗೊರ ಶಬ್ದ, ಉಸಿರು ಕಟ್ಟಿದಂತಾಗುವುದು, ಕೆಮ್ಮಿನಲ್ಲಿ ರಕ್ತ, ಕುತ್ತಿಗೆಯ ಊತ ಬೇಗ ಬೇಗ ಹೆಚ್ಚುವುದು, ಜ್ವರದೊಂದಿಗೆ ಗಾಯದಲ್ಲಿ ಕೀವು, ಎಂಜಲು ಕೂಡ ನುಂಗಲಾಗದ ಸ್ಥಿತಿ — ಇವುಗಳಲ್ಲಿ ಯಾವುದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ಉಸಿರಿನ ತೊಂದರೆ ಇದ್ದರೆ 108ಕ್ಕೆ ಫೋನ್ ಮಾಡಿ, ಹತ್ತಿರದ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಮೊದಲು ಹೋಗಿ. ಆಪರೇಷನ್ ಮಾಡಿದ ದೂರದ ಆಸ್ಪತ್ರೆಗೇ ಹೋಗಬೇಕೆಂದು ದಾರಿಯಲ್ಲಿ ಸಮಯ ಕಳೆಯಬೇಡಿ. ಆಪರೇಷನ್ ಆದ ಮೊದಲ ಒಂದೆರಡು ದಿನ ಒಳಗೆ ರಕ್ತ ಕಟ್ಟಿ ಉಸಿರಿನ ದಾರಿ ಕಿರಿದಾಗಬಹುದು. ಆಗ ಆಸ್ಪತ್ರೆಯಲ್ಲಿ ನಿಗಾ ಇಡುವುದು ಇದಕ್ಕಾಗಿಯೇ.

ತೆಗೆಯುವುದು ಹೇಗೆ? ಆಮೇಲೆ ಸ್ವರದ ಗತಿ ಏನು?

ಮೊದಲು ಮೂಗಿನ ಮೂಲಕ ತೆಳ್ಳಗಿನ ಕ್ಯಾಮೆರಾ ಇಳಿಸಿ ಸ್ವರತಂತು ನೋಡುತ್ತಾರೆ. ಬೇಕಿದ್ದರೆ ಸಿಟಿ ಸ್ಕ್ಯಾನ್‌ನಲ್ಲಿ ಇಂಪ್ಲಾಂಟ್ ಎಲ್ಲಿದೆ ಎಂದು ಗುರುತಿಸುತ್ತಾರೆ. ನಂತರ ಹಳೆಯ ಗಾಯದ ಗುರುತಿನಲ್ಲೇ ಕುತ್ತಿಗೆ ತೆರೆಯುತ್ತಾರೆ. ಸಿಲಿಕೋನ್ ತುಂಡಿನ ಸುತ್ತ ದೇಹ ತೆಳ್ಳಗಿನ ಪೊರೆ ಕಟ್ಟಿಕೊಂಡಿರುತ್ತದೆ. ಅದನ್ನು ಬಿಡಿಸಿದರೆ ತುಂಡು ಸಾಮಾನ್ಯವಾಗಿ ಇಡಿಯಾಗಿ ಬರುತ್ತದೆ. ಗೋರ್-ಟೆಕ್ಸ್ ಪಟ್ಟಿಗೆ ಸುತ್ತಲಿನ ಅಂಗಾಂಶ ಅಂಟಿಕೊಂಡಿದ್ದರೆ ಬಿಡಿಸಲು ಹೆಚ್ಚು ಸಮಯ ಬೇಕು. ತುಂಡು ಉಸಿರಿನ ದಾರಿಗೆ ಬಂದುಬಿಟ್ಟಿದ್ದರೆ ಕೆಲವೊಮ್ಮೆ ಬಾಯಿಯ ಮೂಲಕವೇ ತೆಗೆಯಬಹುದು. ಇಂಜೆಕ್ಷನ್‌ಗಳ ಪೈಕಿ ಹಯಲುರಾನಿಕ್ ಆಸಿಡ್ ಹಾಕಿದ್ದು ಹೆಚ್ಚಾಗಿದ್ದರೆ ಅದನ್ನು ಕರಗಿಸುವ ಮದ್ದೂ ಇದೆ.

ಎರಡನೇ ಆಪರೇಷನ್ ಮೊದಲಿನದ್ದಕ್ಕಿಂತ ಕಷ್ಟ. ಒಳಗೆ ಗಾಯದ ಕಲೆ ಗಟ್ಟಿಯಾಗಿರುತ್ತದೆ. ಹೊಸದನ್ನು ಇಡದೆ ಬರೀ ತೆಗೆದರೆ ಗಾಳಿ ಸೋರುವ ಸ್ವರ ಮತ್ತೆ ಬರಬಹುದು. ಕೆಲವರಲ್ಲಿ ಗಟ್ಟಿಯಾದ ಕಲೆಯೇ ತಂತನ್ನು ಸ್ವಲ್ಪ ನಡುವಿಗೆ ಹಿಡಿದಿಟ್ಟು, ಸ್ವರ ಮೊದಲಿನಷ್ಟು ಕೆಡದೆ ಉಳಿಯುವುದೂ ಉಂಟು. ಆದರೆ ಅದನ್ನು ಮೊದಲೇ ಖಚಿತವಾಗಿ ಹೇಳಲು ಯಾವ ಡಾಕ್ಟರಿಗೂ ಆಗುವುದಿಲ್ಲ. ಆದ್ದರಿಂದಲೇ ಒಂದು ಮೆಸೇಜ್ ಓದಿ ಹೆದರಿ ತೆಗೆಸುವುದು ಸಣ್ಣ ವಿಷಯವಲ್ಲ. ಚೆನ್ನಾಗಿದ್ದ ಸ್ವರವನ್ನು, ನೀರು ಕುಡಿಯುವ ಧೈರ್ಯವನ್ನು ಕಳೆದುಕೊಳ್ಳುವ ಸಾಧ್ಯತೆ ಅದರಲ್ಲಿದೆ.

ಮನೆಮದ್ದಿನ ಬಗ್ಗೆಯೂ ಹೇಳಬೇಕು. ಕಾಳುಮೆಣಸಿನ ಕಷಾಯ, ಅತಿಮಧುರ, ಕಲ್ಲುಸಕ್ಕರೆ ಒಣಗಿದ ಗಂಟಲಿಗೆ ಹಿತ ಕೊಡಬಹುದು. ಜರುಗಿದ ಇಂಪ್ಲಾಂಟನ್ನು ಜಾಗಕ್ಕೆ ತರಲು, ನಿಂತ ನರವನ್ನು ಎಬ್ಬಿಸಲು ಅವುಗಳಿಂದ ಆಗುವುದಿಲ್ಲ. ಆಪರೇಷನ್ ಆದ ಕುತ್ತಿಗೆಯನ್ನು ಎಣ್ಣೆ ಹಚ್ಚಿ ಒತ್ತಿ ತಿಕ್ಕಿಸಿಕೊಳ್ಳಬೇಡಿ.

ಪುತ್ತೂರು, ಸುಳ್ಯ, ಕಡಬದವರು ಏನು ಮಾಡಬಹುದು?

ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ಕಡಬ ಹೊಸ ತಾಲೂಕಾಯಿತು. ಆದರೆ ದೊಡ್ಡ ಆಪರೇಷನ್ ಎಂದರೆ ಈ ಮೂರೂ ತಾಲೂಕಿನವರು ಮಂಗಳೂರಿನ ಕಡೆ ಮುಖ ಮಾಡುತ್ತಾರೆ. ಆಪರೇಷನ್ ಆಗುವುದು ಒಂದು ಕಡೆ, ವರ್ಷಗಳ ನಂತರ ತೊಂದರೆ ಕಾಣಿಸುವುದು ಊರಿನಲ್ಲಿ. ಆಗ ಎದುರಿಗಿರುವ ಡಾಕ್ಟರಿಗೆ ಒಳಗೆ ಏನಿದೆ ಎಂಬುದೇ ಗೊತ್ತಿರುವುದಿಲ್ಲ. ಸಿಲಿಕೋನೋ, ಗೋರ್-ಟೆಕ್ಸೋ, ಟೈಟಾನಿಯಮ್ಮೋ, ಬಲಕ್ಕೋ ಎಡಕ್ಕೋ ಎಂದು ತಿಳಿಯದೆ ಸರಿಪಡಿಸುವ ಆಪರೇಷನ್‌ಗೆ ತಯಾರಾಗುವುದು ಕಷ್ಟ.

ಹಾಗಾಗಿ ಮೊದಲ ಕೆಲಸ, ಕಾಗದ ಜೋಪಾನ. ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ನೋಟ್ಸ್ ಮತ್ತು ಇಂಪ್ಲಾಂಟ್ ಪ್ಯಾಕೆಟ್‌ನ ಸ್ಟಿಕ್ಕರ್ ಕೇಳಿ ಪಡೆಯಿರಿ. ಸ್ಟಿಕ್ಕರ್‌ನಲ್ಲಿ ಕಂಪನಿ, ಮಾಡೆಲ್, ಬ್ಯಾಚ್ ಸಂಖ್ಯೆ ಇರುತ್ತದೆ. ಮಳೆಗಾಲದ ಥಂಡಿಗೆ ಕಾಗದ ಹಾಳಾಗುತ್ತದೆ, ಆದ್ದರಿಂದ ಫೋಟೋ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಿ.

ಎರಡನೆಯದು, ಮೊದಲ ಪರೀಕ್ಷೆಗೆ ದೂರ ಹೋಗಲೇಬೇಕೆಂದಿಲ್ಲ. ಸುಳ್ಯದಲ್ಲೇ ಕೆವಿಜಿ ವೈದ್ಯಕೀಯ ಕಾಲೇಜು ಇದೆ. ವೈದ್ಯಕೀಯ ಕಾಲೇಜು ಎಂದ ಮೇಲೆ ಇಎನ್‌ಟಿ ವಿಭಾಗ ಇದ್ದೇ ಇರುತ್ತದೆ. ಕ್ಯಾಮೆರಾ ಪರೀಕ್ಷೆಯ ವರದಿ ಕೈಯಲ್ಲಿದ್ದರೆ ಮುಂದೆ ಎಲ್ಲಿಗೆ ಹೋಗಬೇಕು, ಎಷ್ಟು ಅವಸರ ಎಂಬುದು ಸ್ಪಷ್ಟವಾಗುತ್ತದೆ. ಸ್ವರದ ತರಬೇತಿಗೆ ಮಂಗಳೂರಿನ ಕಾಲೇಜುಗಳ ಜೊತೆ, ಸುಳ್ಯ-ಮಡಿಕೇರಿ ಹೆದ್ದಾರಿಯ ಆ ತುದಿಯ ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ.

ಮೂರನೆಯದು, ಖರ್ಚು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದವರೆಗೆ ಭರಿಸಲಾಗುತ್ತದೆ. ನಿಮಗೆ ಹೇಳಿರುವ ಆಪರೇಷನ್ ಪಟ್ಟಿಯಲ್ಲಿದೆಯೇ, ರೆಫರಲ್ ಚೀಟಿ ಬೇಕೇ ಎಂದು ಆಸ್ಪತ್ರೆಗೆ ಸೇರುವ ಮೊದಲೇ ಅಲ್ಲಿನ ಆರೋಗ್ಯಮಿತ್ರರಲ್ಲಿ ವಿಚಾರಿಸಿ.

ನಾಲ್ಕನೆಯದು, ಬೇರೆ ಯಾವುದೇ ಆಪರೇಷನ್‌ಗೆ ಹೋದಾಗ ಅರಿವಳಿಕೆ ಡಾಕ್ಟರಿಗೆ "ಗಂಟಲಲ್ಲಿ ಇಂಪ್ಲಾಂಟ್ ಇದೆ" ಎಂದು ಹೇಳಲೇಬೇಕು. ಉಸಿರಿನ ಕೊಳವೆ ಹಾಕುವಾಗ ಅವರು ಚಿಕ್ಕ ಕೊಳವೆ ಆರಿಸಿ ಜಾಗ್ರತೆ ಮಾಡಬಲ್ಲರು. ಎಂಆರ್‌ಐ ಕೊಠಡಿಯಲ್ಲೂ ತಿಳಿಸಿ. ಸಿಲಿಕೋನ್, ಗೋರ್-ಟೆಕ್ಸ್ ಲೋಹವಲ್ಲ. ಟೈಟಾನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ಆದರೂ ಕಾಗದ ತೋರಿಸಿದರೆ ಅವರಿಗೆ ಅನುಮಾನ ಇರುವುದಿಲ್ಲ.

ಐದನೆಯದು, ಇಂಪ್ಲಾಂಟ್‌ನಿಂದ ತೊಂದರೆಯಾದರೆ ದೂರು ದಾಖಲಿಸಲು ವ್ಯವಸ್ಥೆ ಇದೆ. ವೈದ್ಯಕೀಯ ಉಪಕರಣಗಳ ಅಡ್ಡಪರಿಣಾಮ ಸಂಗ್ರಹಿಸುವ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ 2015ರಲ್ಲಿ ದೇಶದಲ್ಲಿ ಶುರುವಾಯಿತು. ಅದನ್ನು ನಡೆಸುವುದು ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್. ಡಾಕ್ಟರು ಮಾತ್ರವಲ್ಲ, ರೋಗಿಯೂ ತಿಳಿಸಬಹುದು. ಬ್ಯಾಚ್ ಸಂಖ್ಯೆ ಇರುವ ಒಂದು ವರದಿ, ನೂರು ಜನರಿಗೆ ಕಳಿಸಿದ ಹೆಸರಿಲ್ಲದ ಮೆಸೇಜಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಫಾರ್ವರ್ಡ್ ಮಾಡುವ ಮೊದಲು

ಗಂಟಲಿನ ಇಂಪ್ಲಾಂಟ್ ಬಗ್ಗೆ ಮೆಸೇಜ್ ಬಂದರೆ ಮೂರು ಪ್ರಶ್ನೆ ಕೇಳಿ. ಯಾವ ಇಂಪ್ಲಾಂಟ್ ಎಂದು ಅದರಲ್ಲಿ ಹೇಳಿದೆಯೇ, ಇಲ್ಲ ಬರೀ 'ಸಿಲಿಕೋನ್' ಎಂದಿದೆಯೇ? ಯಾವ ಲಕ್ಷಣ ಕಂಡರೆ ಡಾಕ್ಟರ ಬಳಿ ಹೋಗಬೇಕೆಂದು ಹೇಳಿದೆಯೇ, ಇಲ್ಲ ಎಲ್ಲರೂ ತೆಗೆಸಿ ಎಂದಿದೆಯೇ? ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದಿದೆಯೇ? ಮೂರಕ್ಕೂ ಉತ್ತರ ಇಲ್ಲದಿದ್ದರೆ ಆ ಮೆಸೇಜ್ ನಿಮ್ಮ ಫೋನಿನಲ್ಲೇ ನಿಲ್ಲಲಿ. ನಿಮ್ಮ ಪರಿಚಯದವರಿಗೆ ಇಂಪ್ಲಾಂಟ್ ಇದ್ದರೆ ಅವರಿಗೆ ಕಳಿಸಬೇಕಾದ್ದು ಎರಡೇ ಸಾಲು: "ಉಸಿರಿಗೆ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಇಲ್ಲದಿದ್ದರೆ ಇಎನ್‌ಟಿ ಡಾಕ್ಟರು ನೋಡದೆ ತೆಗೆಸುವ ತೀರ್ಮಾನ ಮಾಡಬೇಡಿ."